ಹಗರೆ ದಾರಿಯಲ್ಲಿ ಮಕ್ಕಳ ವೇಗ

ಕೋವಿಡ್ ಕಾಲದಲ್ಲಿ ದೂರದ ಪ್ರವಾಸಗಳೆಲ್ಲ ರದ್ದಾದವು. ಹಾಸನದ ಸುತ್ತಿನ ಕುಟುಂಬಗಳಿಗೆ ಉಳಿದದ್ದು ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೋಗಿ ಸಂಜೆಗೆ ಮನೆ ಸೇರುವಷ್ಟು ದೂರದ ಊರುಗಳು. ಆ ಸಣ್ಣ ಸುತ್ತಾಟಗಳಲ್ಲಿ ಮುಂದಾಳುಗಳಾಗಿದ್ದವರು ಮಕ್ಕಳು.

ಹಾಸನದಿಂದ ಬೇಲೂರಿಗೆ ಹೊರಟವರು ಹಗರೆಯಲ್ಲಿ ಇಳಿಯುವುದಿಲ್ಲ. ಇಪ್ಪತ್ತು ಕಿಲೋಮೀಟರ್ ಚಿಲ್ಲರೆ ದಾಟಿದ ಮೇಲೆ ಸಿಗುವ ಈ ಊರಿನಲ್ಲಿ ರಸ್ತೆ ಕವಲೊಡೆಯುತ್ತದೆ. ನೇರ ಹೋದರೆ ಬೇಲೂರು, ಬಲಕ್ಕೆ ಹೊರಳಿದರೆ ಹಳೇಬೀಡು. ಪ್ರವಾಸಿಗರ ಪಾಲಿಗೆ ಹಗರೆ ಎಂದರೆ ಇಂಡಿಕೇಟರ್ ಹಾಕುವ ಜಾಗ, ಅಷ್ಟೇ. ಬೆಂಗಳೂರಿನಿಂದ ನಸುಕಿಗೇ ಹೊರಟ ಟೆಂಪೊ ಟ್ರಾವೆಲರ್‌ಗಳಿಗೆ ಒಂದೇ ದಿನದಲ್ಲಿ ಶ್ರವಣಬೆಳಗೊಳ, ಹಳೇಬೀಡು, ಬೇಲೂರು ಮೂರನ್ನೂ ಮುಗಿಸುವ ಅವಸರ. ಅಂಥ ವಾಹನಗಳ ಹಿಂದಿನ ಸೀಟಿನಲ್ಲಿ ಯಾವಾಗಲೂ ಒಂದು ಮಗು ಕಿಟಕಿಗೆ ಕೆನ್ನೆ ಒತ್ತಿ ನಿದ್ದೆ ಹೋಗಿರುತ್ತದೆ. ಗುಡಿಯ ಮುಂದೆ ಅದನ್ನು ಎಬ್ಬಿಸಿ, ಮುಖ ಒರೆಸಿ, ಫೋಟೊಗೆ ನಿಲ್ಲಿಸಿ, ಮತ್ತೆ ವಾಹನ ಹತ್ತಿಸುತ್ತಾರೆ.

ಕೊರೊನಾ ಬಂದು ಈ ಓಟವನ್ನು ತಡೆಯಿತು. ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆ 2020ರ ಮಾರ್ಚ್ 17ರಿಂದ ತನ್ನ ಸ್ಮಾರಕಗಳ ಬಾಗಿಲು ಹಾಕಿತು. 22ರಂದು ಜನತಾ ಕರ್ಫ್ಯೂ, 25ರಿಂದ ದೇಶಕ್ಕೆ ದೇಶವೇ ಲಾಕ್‌ಡೌನ್. ಹಗರೆ ಕವಲಿನಲ್ಲಿ ತಿರುಗುವ ವಾಹನಗಳೇ ಇಲ್ಲವಾದವು. ಮೇ ತಿಂಗಳ ಮಧ್ಯದವರೆಗೂ ಹಾಸನ ಜಿಲ್ಲೆ ಹಸಿರು ವಲಯದಲ್ಲಿತ್ತು. ಮುಂಬೈಯಿಂದ ಮರಳಿದವರಲ್ಲಿ ಸೋಂಕು ಕಾಣಿಸಿಕೊಂಡ ಮೇಲೆ ಆ ನೆಮ್ಮದಿಯೂ ಹೋಯಿತು.

ಆ ಎರಡು ವರ್ಷಗಳ ಬಗ್ಗೆ ಬರೆಯುವಾಗ ಸಂತೋಷದ ಮಾತೆತ್ತಲು ಸಂಕೋಚವಾಗುತ್ತದೆ. ಯಾರ ಮನೆಯ ಬಾಗಿಲು ತಟ್ಟಿದರೂ ಒಂದು ಸಾವಿನ ಸುದ್ದಿ ಇರುತ್ತಿತ್ತು. ಆದರೂ ಆಗ ಏಳೆಂಟು ವರ್ಷದವರಾಗಿದ್ದ ಮಕ್ಕಳನ್ನು ಈಗ ಕೂರಿಸಿಕೊಂಡು ಕೇಳಿದರೆ ಅವರು ಮೊದಲು ಹೇಳುವುದು ಬೇರೆಯೇ: ಅಪ್ಪ ಅಮ್ಮ ಮನೆಯಲ್ಲೇ ಇದ್ದರು, ಕೆರೆ ಏರಿ ಮೇಲೆ ಊಟ ಮಾಡಿದೆವು, ಗುಡಿಯಲ್ಲಿ ನಾವು ಬಿಟ್ಟರೆ ಯಾರೂ ಇರಲಿಲ್ಲ. ಈ ನೆನಪುಗಳನ್ನು ಮಕ್ಕಳಾಟ ಎಂದು ತಳ್ಳಿಹಾಕುವ ಹಾಗಿಲ್ಲ. ಹೋಗಲು ಹೆಚ್ಚು ಜಾಗವಿಲ್ಲದಿದ್ದಾಗ ದೊಡ್ಡವರು ಮೊದಲ ಬಾರಿಗೆ ಮಕ್ಕಳ ವೇಗಕ್ಕೆ ಇಳಿದರು. ಆ ಕಾಲದಿಂದ ಏನನ್ನಾದರೂ ಉಳಿಸಿಕೊಳ್ಳುವುದಿದ್ದರೆ ಆ ವೇಗವನ್ನು ಉಳಿಸಿಕೊಳ್ಳಬೇಕು.

ಭಾನುವಾರಕ್ಕೇ ಬೀಗ

2020ರ ಜುಲೈನಲ್ಲಿ ರಾಜ್ಯದಲ್ಲಿ ಭಾನುವಾರಗಳಿಗೇ ಬೀಗ ಬಿದ್ದಿತ್ತು. ವಾರವಿಡೀ ಅಷ್ಟಿಷ್ಟು ಓಡಾಡಬಹುದು, ಭಾನುವಾರ ಮಾತ್ರ ಪೂರ್ಣ ಲಾಕ್‌ಡೌನ್. ಹಾಸನದ ನಮ್ಮ ಮನೆಯ ತಾರಸಿಯಿಂದ ಮುಖ್ಯ ರಸ್ತೆಯ ಒಂದು ತುಂಡು ಕಾಣುತ್ತದೆ. ಮೂರನೇ ತರಗತಿಯ ಮಗಳು, ಇನ್ನೂ ಶಾಲೆಯ ಮೆಟ್ಟಿಲು ಹತ್ತದ ಮಗ ಅಲ್ಲಿ ನಿಂತು ನಂಬರ್ ಪ್ಲೇಟ್ ಆಟ ಕಂಡುಹಿಡಿದರು. ಕೆಎ-13 ಕಂಡರೆ ಒಂದು ಅಂಕ, ಅದು ನಮ್ಮ ಹಾಸನದ್ದೇ. ಕೆಎ-46 ಸಕಲೇಶಪುರದ್ದು, ಎರಡು. ಚಿಕ್ಕಮಗಳೂರಿನ ಕೆಎ-18, ತಿಪಟೂರಿನ ಕೆಎ-44 ಆದರೆ ಐದು. ಬೆಂಗಳೂರಿನ ಗಾಡಿಗೆ ಹತ್ತು. ಲಾಕ್‌ಡೌನಿನ ಭಾನುವಾರಗಳಲ್ಲಿ ಹಾಲಿನ ವ್ಯಾನು, ಆಂಬುಲೆನ್ಸ್ ಬಿಟ್ಟರೆ ಗಾಡಿಯೇ ಇಲ್ಲ. ಆಂಬುಲೆನ್ಸಿಗೆ ಅಂಕ ಕೊಡಬಾರದು ಎಂದು ಅವರೇ ತೀರ್ಮಾನಿಸಿದ್ದರು. ಆಗಸ್ಟ್ ಹೊತ್ತಿಗೆ ಬೆಂಗಳೂರಿನ ನಂಬರುಗಳು ಎಷ್ಟು ಹೆಚ್ಚಿದವೆಂದರೆ ಹತ್ತು ಅಂಕವನ್ನು ಮೂರಕ್ಕೆ ಇಳಿಸಬೇಕಾಯಿತು. ಅನ್‌ಲಾಕ್ ಎಷ್ಟರಮಟ್ಟಿಗೆ ಆಗಿದೆ ಎಂದು ನಮಗೆ ಟಿವಿಗಿಂತ ಮೊದಲು ಹೇಳುತ್ತಿದ್ದವರು ಇವರೇ.

ಆಟ ತಾರಸಿಯಿಂದ ರಸ್ತೆಗೆ ಇಳಿಯಿತು. ನಮ್ಮಮ್ಮನನ್ನು ನಾಲ್ಕು ಗೋಡೆಯ ನಡುವೆ ಎಷ್ಟು ದಿನ ಕೂರಿಸುವುದು ಎಂಬ ಯೋಚನೆಯೂ ಇತ್ತು. ಬಸ್ಸು ಬೇಡ, ಹೋಟೆಲ್ ಬೇಡ, ಜನ ಸೇರುವ ಜಾಗ ಬೇಡ. ಕಿಟಕಿ ಇಳಿಸಿಕೊಂಡು ಹೋಗಿ ಬಯಲಲ್ಲಿ ಕೂತು ಬರುವುದಕ್ಕೆ ಅಡ್ಡಿಯಿಲ್ಲ ಎಂದು ಪರಿಚಿತ ವೈದ್ಯರು ಹೇಳಿದ್ದರು. ಸೋಂಕು ಮುಚ್ಚಿದ ಕೋಣೆಯಲ್ಲಿ ಹರಡಿದಷ್ಟು ಬಯಲಲ್ಲಿ ಹರಡುವುದಿಲ್ಲ ಎಂಬುದು ಆ ಹೊತ್ತಿಗೆ ಎಲ್ಲರಿಗೂ ತಿಳಿಯುತ್ತಿತ್ತು. ಹಾಗೆ ಶುರುವಾದದ್ದು ನಮ್ಮ ಹಗರೆ ದಾರಿಯ ಸುತ್ತಾಟ.

ಗಂಡ ಹೆಂಡತಿ ಕಟ್ಟಿಸಿದ ಗುಡಿ

ಹಗರೆಗೆ ಮೊದಲೇ ಹೆದ್ದಾರಿಯಿಂದ ಒಳಕ್ಕೆ ಹೋದರೆ ದೊಡ್ಡಗದ್ದವಳ್ಳಿ. ಬೇಲೂರಿನ ಅವಸರದಲ್ಲಿ ನೂರಕ್ಕೆ ತೊಂಬತ್ತು ಗಾಡಿಗಳು ಈ ತಿರುವನ್ನು ಬಿಟ್ಟುಬಿಡುತ್ತವೆ. ಕೆರೆಯ ಪಕ್ಕ, ತೆಂಗಿನ ಮರಗಳ ನಡುವೆ ಇರುವ ಇಲ್ಲಿನ ಲಕ್ಷ್ಮೀದೇವಿ ಗುಡಿ ಬೇಲೂರಿನ ಚೆನ್ನಕೇಶವನಿಗಿಂತ ಹಿರಿಯದು, 1114ರ ಸುಮಾರಿನದು. ಕಟ್ಟಿಸಿದವನು ಅರಸನಲ್ಲ, ದಂಡನಾಯಕನೂ ಅಲ್ಲ. ಕುಲ್ಲಹಣ ರಾಹುತ ಎಂಬ ವರ್ತಕ ಮತ್ತು ಅವನ ಹೆಂಡತಿ ಸಹಜಾದೇವಿ. ಲಕ್ಷ್ಮಿ, ಕಾಳಿ, ಶಿವ, ವಿಷ್ಣು ನಾಲ್ವರಿಗೂ ಒಂದೊಂದು ಗರ್ಭಗುಡಿ, ನಡುವೆ ಒಂದೇ ಮಂಟಪ.

ಮೈಮೇಲೆ ಶಿಲ್ಪದ ಸಂತೆ ಇಲ್ಲದ ಗುಡಿ ಇದು. ಬೇಲೂರಿನ ಕುಸುರಿ ಹುಡುಕುವ ಕಣ್ಣಿಗೆ ಸಪ್ಪೆ ಎನಿಸಬಹುದು. ಮಕ್ಕಳಿಗೆ ಅದೇ ಹಿತವಾಯಿತು. ಓಡಲು ಅಂಗಳವಿದೆ, ಒಳಗೆ ತಂಪಾದ ಕತ್ತಲೆಯಿದೆ, ಎಲ್ಲಕ್ಕಿಂತ ಮಿಗಿಲಾಗಿ ಕಾಳಿಯ ಬಾಗಿಲಲ್ಲಿ ಎರಡು ಬೇತಾಳಗಳಿವೆ. ಎಲುಬುಗೂಡಿನ ಮೈ, ಹೊಟ್ಟೆ ಬೆನ್ನಿಗೆ ಅಂಟಿದೆ, ಪಕ್ಕೆಲುಬು ಎಣಿಸಬಹುದು. ಮಗ ಮೊದಲು ಅಜ್ಜಿಯ ಸೆರಗಿನ ಹಿಂದೆ ಸೇರಿಕೊಂಡ. ಆಮೇಲೆ ಇಣುಕಿದ. ಆಮೇಲೆ ಹೋಗಿ ಬೇತಾಳನ ಪಕ್ಕವೇ ಅದರಂತೆ ಹಲ್ಲು ಕಿರಿದು ನಿಂತ. ಇದಕ್ಕೆ ಹಿಡಿದದ್ದು ಅರ್ಧ ಗಂಟೆ. ಬೇರೆ ಕಾಲವಾಗಿದ್ದರೆ ಆ ಅರ್ಧ ಗಂಟೆಯನ್ನು ನಾವು ಅವನಿಗೆ ಕೊಡುತ್ತಿರಲಿಲ್ಲ. ಹಳೇಬೀಡಿಗೆ ಹೊತ್ತಾಗುತ್ತದೆ ಎಂದು ಎತ್ತಿಕೊಂಡು ಹೊರಡುತ್ತಿದ್ದೆವು.

ಅದೇ ವರ್ಷದ ನವೆಂಬರ್‌ನಲ್ಲಿ ಕಾಳಿಯ ಮೂರ್ತಿ ಒಡೆದಿರುವ ಸುದ್ದಿ ಬಂತು. ಊರಿನವರ ಆಕ್ರೋಶ, ತನಿಖೆಯ ಒತ್ತಾಯ, ಪತ್ರಿಕೆಗಳಲ್ಲಿ ಚೂರುಗಳ ಚಿತ್ರ. ಪುರಾತತ್ವ ಇಲಾಖೆ ಆ ಚೂರುಗಳನ್ನು ಜೋಡಿಸಿ ಮೂರ್ತಿಯನ್ನು ಮತ್ತೆ ನಿಲ್ಲಿಸಿತು. ಮಗಳು ಪತ್ರಿಕೆಯ ಚಿತ್ರವನ್ನು ಹೊತ್ತುಗಟ್ಟಲೆ ನೋಡಿದಳು. ಸ್ಮಾರಕ ಸಂರಕ್ಷಣೆ ಎಂದು ಪಠ್ಯದಲ್ಲಿ ಒಂದು ಪಾಠ ಇರುತ್ತದೆ. ಆ ಪಾಠ ಅವಳಿಗೆ ಆ ಬೆಳಿಗ್ಗೆಯೇ ಆಗಿಹೋಯಿತು. ತಾನು ಕಂಡಿದ್ದ ದೇವಿಗೆ ಪೆಟ್ಟಾಗಿತ್ತು. ನೋಡದೇ ಇದ್ದ ಗುಡಿಗಾಗಿ ಯಾವ ಮಗುವೂ ಮರುಗುವುದಿಲ್ಲ.

ಗೇಟಿನಾಚೆಯ ಹಳೇಬೀಡು

ಹಗರೆಯಲ್ಲಿ ಬಲಕ್ಕೆ ತಿರುಗಿದ ಮೇಲೆ ಹಳೇಬೀಡಿಗೆ ಹತ್ತು ಹನ್ನೆರಡು ಕಿಲೋಮೀಟರ್. ಕೆಂಪು ನೆಲದ ಹೊಲಗಳ ನಡುವಿನ ದಾರಿ. ಮುಂಗಾರಿನಲ್ಲಿ ಆಲೂಗಡ್ಡೆ, ಜೋಳ. ಪಂಜಾಬಿನ ಜಲಂಧರದಿಂದ ಬರುವ ಬಿತ್ತನೆ ಗಡ್ಡೆ ಹಾಸನದ ಮಾರುಕಟ್ಟೆಯಿಂದ ಈ ಹೊಲಗಳಿಗೆ ಹಂಚಿಹೋಗುತ್ತದೆ ಎಂದರೆ ಮಕ್ಕಳು ನಂಬಲಿಲ್ಲ. ನಾವು ಎಲ್ಲಿಗೂ ಹೋಗುವ ಹಾಗಿಲ್ಲ, ಆಲೂಗಡ್ಡೆ ಮಾತ್ರ ಪಂಜಾಬಿನಿಂದ ಬರಬಹುದೇ ಎಂದು ಅವರ ತಕರಾರು.

ಹಳೇಬೀಡು ಎಂದರೆ ಹೊಯ್ಸಳೇಶ್ವರ ಎಂದೇ ಎಲ್ಲರ ಲೆಕ್ಕ. 1121ರ ಸುಮಾರಿಗೆ ಹೊಯ್ಸಳ ಅರಸ ವಿಷ್ಣುವರ್ಧನನ ಅಧಿಕಾರಿ ಕೇತಮಲ್ಲನ ಮುಂದಾಳುತನದಲ್ಲಿ ಎದ್ದ ಜೋಡಿ ಗುಡಿ ಅದು. ಅದರ ಗೇಟು ಆ ಎರಡು ವರ್ಷಗಳಲ್ಲಿ ತೆರೆಯುವುದು, ಮುಚ್ಚುವುದು ನಡೆದೇ ಇತ್ತು. ಸ್ಮಾರಕಗಳನ್ನು ತೆರೆಯಲು ಅನುಮತಿ ಸಿಕ್ಕಿದ್ದು 2020ರ ಜುಲೈ 6ರಿಂದ. 2021ರ ಏಪ್ರಿಲ್ ಮಧ್ಯದಲ್ಲಿ ಎರಡನೇ ಅಲೆಗೆ ಮತ್ತೆ ಬೀಗ, ಮತ್ತೆ ತೆರೆದದ್ದು ಜೂನ್ 16ರ ಮೇಲೆ. ಗೇಟು ಮುಚ್ಚಿದ್ದಾಗಲೂ ಹಳೇಬೀಡು ಉಳಿದಿರುತ್ತದೆ ಎಂಬುದು ನಮಗೆ ತಿಳಿದದ್ದು ಆಗಲೇ. ಗುಡಿಯ ಪಕ್ಕದಲ್ಲೇ ದೋರಸಮುದ್ರ ಕೆರೆ. ಹೊಯ್ಸಳರ ರಾಜಧಾನಿಗೆ ಹೆಸರು ಕೊಟ್ಟ ನೀರು ಅದು. ಈ ಕಡೆ ಮಳೆ ಕಡಿಮೆ. ಯಗಚಿಯ ನೀರನ್ನು ಇಲ್ಲಿಗೆ ತರುವ ರಣಘಟ್ಟ ಯೋಜನೆಗಾಗಿ ಈ ಭಾಗದ ರೈತರು ವರ್ಷಗಟ್ಟಲೆ ಕೂಗು ಹಾಕಿದ್ದಾರೆ. ಕೆರೆ ಏರಿಯ ಮೇಲೆ ಕೂತರೆ ಮಕ್ಕಳಿಗೆ ಇಷ್ಟು ಸಾಕು: ನೀರುಕಾಗೆ ಮುಳುಗಿ ಎಲ್ಲಿ ಏಳುತ್ತದೆ ಎಂದು ಪಣ ಕಟ್ಟುವುದು.

ಊರಿನಿಂದ ಒಂದಿಷ್ಟು ದೂರದಲ್ಲಿರುವ ಹುಲಿಕೆರೆಯ ಕಲ್ಯಾಣಿ ನಮ್ಮ ಮಕ್ಕಳ ಮೆಚ್ಚಿನ ಜಾಗವಾಯಿತು. ನೆಲದೊಳಕ್ಕೆ ಇಳಿಯುವ ಮೆಟ್ಟಿಲು, ಅಲ್ಲಲ್ಲಿ ಕಟ್ಟೆಯ ಮೇಲೆ ಪುಟ್ಟ ಪುಟ್ಟ ಗುಡಿ, ಎಲ್ಲವೂ ಮಗುವಿನ ಎತ್ತರಕ್ಕೆ ಅಳೆದು ಕಟ್ಟಿದಂತೆ. ಬಸದಿಹಳ್ಳಿಯ ಪಾರ್ಶ್ವನಾಥ ಬಸದಿ 1133ರದ್ದು. ಅಲ್ಲಿನ ಕಡೆದ ಕಂಬಗಳ ನುಣುಪಿನಲ್ಲಿ ಮುಖ ಕಾಣುತ್ತದೆ. ಒಂದು ಕಡೆ ನಿಂತರೆ ತೆಳ್ಳಗೆ, ಇನ್ನೊಂದು ಕಡೆ ನಿಂತರೆ ಗುಂಡಗೆ. ಆ ಕಂಬಗಳ ಸುತ್ತ ಮಕ್ಕಳು ಆಡಿದ್ದಕ್ಕೆ ಲೆಕ್ಕವಿಲ್ಲ. ಹೊಯ್ಸಳರ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಹಾಗಾಗಿಯೇ ಈ ನುಣುಪು, ಈ ಕುಸುರಿ ಸಾಧ್ಯವಾಯಿತು.

ಹೊಯ್ಸಳೇಶ್ವರನ ಗೇಟು ತೆರೆದ ಮೇಲೆ ಹೋದಾಗ ಗುಡಿಯ ಸುತ್ತ ಹತ್ತು ಜನರೂ ಇರಲಿಲ್ಲ. ಈ ಗುಡಿಯ ಗೋಡೆಯನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಎಲ್ಲಕ್ಕಿಂತ ಕೆಳಗೆ ಆನೆಗಳ ಸಾಲು, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು, ಆಮೇಲೆ ರಾಮಾಯಣ ಮಹಾಭಾರತದ ಕಥೆ, ಮಕರ, ಹಂಸ. ಇವೆಲ್ಲ ದಾಟಿದ ಮೇಲೆ ದೊಡ್ಡ ದೊಡ್ಡ ದೇವರುಗಳು. ದೊಡ್ಡವರು ತಲೆಯೆತ್ತಿ ದೇವರನ್ನು ನೋಡುತ್ತ ನಡೆಯುತ್ತಾರೆ. ಮಕ್ಕಳ ಕಣ್ಣಿನ ಮಟ್ಟಕ್ಕೆ ಬರುವುದು ಪ್ರಾಣಿಗಳು. ಒಂದು ಆನೆಯ ಹಾಗೆ ಇನ್ನೊಂದಿಲ್ಲ ಎಂದು ಗೈಡುಗಳು ಹೇಳುವ ಮಾತನ್ನು ನಮ್ಮ ಮಗಳು ಪರೀಕ್ಷೆಗೆ ಹಚ್ಚಿದಳು. ಸೊಂಡಿಲು ಮಡಿಸಿದ್ದು, ಬಾಲ ಹಿಡಿದದ್ದು, ಹಿಂದಿರುಗಿ ನೋಡುತ್ತಿರುವುದು ಎಂದು ಪಟ್ಟಿ ಮಾಡುತ್ತ ಒಂದು ಮೂಲೆ ತಿರುಗುವಷ್ಟರಲ್ಲಿ ಸೋತಳು. ಮಗನಿಗೆ ಸಿಕ್ಕಿದ್ದು ಮಕರ: ಮೊಸಳೆಯ ಬಾಯಿ, ಆನೆಯ ಸೊಂಡಿಲು, ಸಿಂಹದ ಕಾಲು, ನವಿಲಿನ ಬಾಲ. ಅವತ್ತು ಮನೆಗೆ ಬಂದ ಮೇಲೆ ಆನ್‌ಲೈನ್ ತರಗತಿಗೆಂದು ತಂದಿದ್ದ ಹೊಸ ನೋಟ್‌ಬುಕ್ಕಿನ ತುಂಬ ಮಕರಗಳು. ಒಂದಕ್ಕೆ ಮಾಸ್ಕ್ ಹಾಕಿದ್ದ.

ಬುತ್ತಿ, ಬನ್ನು, ಮೈಲಿಗಲ್ಲು

ಹೋಟೆಲುಗಳಲ್ಲಿ ಕೂತು ಉಣ್ಣುವ ಹಾಗಿಲ್ಲದ ದಿನಗಳವು. ಸಿಕ್ಕರೆ ಪಾರ್ಸೆಲ್. ಇದರಿಂದ ಎಷ್ಟೋ ಮನೆಗಳಲ್ಲಿ ಅಟ್ಟ ಸೇರಿದ್ದ ಬುತ್ತಿಯ ಡಬ್ಬಿಗಳು ಕೆಳಗಿಳಿದವು. ಅಮ್ಮ ಅಕ್ಕಿರೊಟ್ಟಿಗೆ ಸಬ್ಬಸಿಗೆ ಸೊಪ್ಪು ಕಲಸಿ ತಟ್ಟುತ್ತಿದ್ದಳು. ಆರಿದರೂ ಮೆತ್ತಗಿರಬೇಕು ಎಂದು ಬಿಸಿನೀರಿನಲ್ಲಿ ಹಿಟ್ಟು ನಾದುವುದು ಅವಳ ಕ್ರಮ. ಚಿತ್ರಾನ್ನ, ಹುಚ್ಚೆಳ್ಳು ಚಟ್ನಿಪುಡಿ, ಮೊಸರು. ಕೆರೆ ಏರಿ, ಆಲದ ಮರದ ಕಟ್ಟೆ, ಪಾಳುಗುಡಿಯ ಜಗುಲಿ, ಎಲ್ಲಾದರೂ ಸರಿ. ಹಳೆಯ ಗುಡಿಗಳ ಜಗುಲಿಗಲ್ಲಿನ ಮೇಲೆ ಚೌಕಾಬಾರದ ಮನೆಗಳನ್ನೋ ಅಳಗುಳಿಯ ಗುಳಿಗಳನ್ನೋ ಕೊರೆದಿರುವುದನ್ನು ಕರ್ನಾಟಕದ ತುಂಬ ಕಾಣಬಹುದು. ಯಾವ ಶತಮಾನದವರು ಕೊರೆದರೋ, ಊಟವಾದ ಮೇಲೆ ಅಜ್ಜಿ ಮೊಮ್ಮಕ್ಕಳು ಅದರ ಮೇಲೆ ಹುಣಸೆಬೀಜ ಇಟ್ಟು ಆಡಬಹುದು.

ಹಗರೆಯಲ್ಲಿ ಇಳಿಯಲು ನಮಗೊಂದು ನೆಪ ಬೇಕಿತ್ತು. ಬೇಕರಿಯ ಬನ್ನು ಆ ನೆಪವಾಯಿತು. ಬೆಂಗಳೂರಿನ ಗಲ್ಲಿಗಲ್ಲಿಯ ಅಯ್ಯಂಗಾರ್ ಬೇಕರಿಗಳ ಬೇರು ಇರುವುದು ಹಾಸನ ಜಿಲ್ಲೆಯ ಹಳ್ಳಿಗಳಲ್ಲೇ. ಹಾಗಾಗಿ ಬನ್ನು, ಖಾರಾ ಬಿಸ್ಕತ್ತು ವಿಷಯದಲ್ಲಿ ಇಲ್ಲಿಯವರಿಗೆ ಕೊಂಚ ಬಿಗುಮಾನ. ‘ಎತ್ತಾಗ್ ಹೊಂಟ್ರಿ?’ ಎಂದು ಅಂಗಡಿಯವರು ಕೇಳುತ್ತಿದ್ದರು. ‘ಎಲ್ಲಿಗೂ ಇಲ್ಲ’ ಎಂದರೆ ಅವರಿಗೆ ನಗು. ಆದರೆ ಉತ್ತರ ನಿಜವೇ ಆಗಿತ್ತು. ಹೊರಡುವಾಗ ಇಷ್ಟನೇ ಗಂಟೆಗೆ ಇಂಥಲ್ಲಿ ಇರಬೇಕೆಂಬ ಹಂಗು ನಮಗಿರಲಿಲ್ಲ.

ಮಗ ಅಕ್ಷರ ಕೂಡಿಸಿ ಓದಲು ಕಲಿತದ್ದು ಈ ದಾರಿಯಲ್ಲೇ. ಮೊದಲು ಮೈಲಿಗಲ್ಲಿನ ಬಣ್ಣ: ಹಳದಿ ತಲೆಯದು ರಾಷ್ಟ್ರೀಯ ಹೆದ್ದಾರಿ, ಹಸಿರು ತಲೆಯದು ರಾಜ್ಯದ್ದು, ಕಿತ್ತಳೆ ಬಣ್ಣದ್ದು ಹಳ್ಳಿ ರಸ್ತೆ. ಆಮೇಲೆ ಅದರ ಮೇಲಿನ ಅಕ್ಷರ. ‘ಬೇ’, ‘ಲೂ’, ‘ರು’. ಮೂರೇ ಅಕ್ಷರ, ಆದರೆ ಕಾರು ನಲವತ್ತರ ವೇಗದಲ್ಲಿದ್ದರೆ ಅವನ ಬಾಯಿಗೆ ‘ಬೇ’ ಮಾತ್ರ ದಕ್ಕುತ್ತಿತ್ತು. ಹಾಗಾಗಿ ಇಪ್ಪತ್ತಕ್ಕೆ ಇಳಿಸಬೇಕಾಯಿತು. ಹಿಂದಿನಿಂದ ಹಾರನ್ ಹೊಡೆಯುವವರೂ ಆಗ ಕಡಿಮೆ.

ತೆಂಗಿನಿಂದ ಕಾಫಿಗೆ

ಅಮ್ಮನ ತವರು ಬಾಣಾವರದ ಕಡೆ. ಅನ್‌ಲಾಕ್ ಆದಮೇಲೆ ಅವಳಿಗೆ ಅರಸೀಕೆರೆಯ ನೆಲ ನೋಡುವ ಆಸೆ. ಹಾಸನದಿಂದ ಅರಸೀಕೆರೆ ಕಡೆ ಹೋಗಿ, ಬಾಣಾವರ, ಜಾವಗಲ್ ಮೇಲೆ ಹಳೇಬೀಡಿಗೆ ಬಂದು, ಹಗರೆಯಲ್ಲಿ ಹೆದ್ದಾರಿ ಸೇರಿ ಹಾಸನಕ್ಕೆ ಮರಳುವ ಸುತ್ತು ಒಂದು ದಿನಕ್ಕೆ ಹದವಾದದ್ದು. ಕರ್ನಾಟಕದ ಎರಡು ಮುಖಗಳನ್ನು ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ಅರಸೀಕೆರೆ ಬಯಲುಸೀಮೆ, ಕಣ್ಣು ಹಾಯಿಸಿದಷ್ಟೂ ತೆಂಗು, ರಾಗಿ ಹೊಲ, ಮನೆಗಳ ಅಟ್ಟದಲ್ಲಿ ಒಣಗುವ ಕೊಬ್ಬರಿ. ಪಶ್ಚಿಮಕ್ಕೆ ಬಂದಂತೆಲ್ಲ ಗಾಳಿಯಲ್ಲಿ ತೇವ ಏರುತ್ತದೆ. ಬೇಲೂರು ದಾಟಿದರೆ ಕಾಫಿ, ಮೆಣಸು, ಮಲೆನಾಡು.

ಅರಸೀಕೆರೆ ದೊಡ್ಡ ಜಂಕ್ಷನ್. ಬೆಂಗಳೂರು–ಹುಬ್ಬಳ್ಳಿ ಮಾರ್ಗಕ್ಕೆ ಹಾಸನ, ಮೈಸೂರಿನ ಹಳಿಗಳು ಬಂದು ಸೇರುವುದು ಇಲ್ಲಿ. ಪ್ರಯಾಣಿಕರ ರೈಲುಗಳು ನಿಂತಿದ್ದಾಗಲೂ ಗೂಡ್ಸ್ ರೈಲುಗಳು ಓಡುತ್ತಲೇ ಇದ್ದವು. ಗೇಟು ಬಿದ್ದಲ್ಲಿ ಕಾರು ನಿಲ್ಲಿಸಿಕೊಂಡು ಡಬ್ಬಿ ಎಣಿಸಿದ್ದು ನಮ್ಮ ಮಕ್ಕಳ ದೊಡ್ಡ ಸಾಹಸಗಳಲ್ಲೊಂದು. ಊರೊಳಗಿನ ಈಶ್ವರ ದೇವಾಲಯ 1220ರದ್ದು, ಅದರ ಮುಂದಿನ ನಕ್ಷತ್ರಾಕಾರದ ತೆರೆದ ಮಂಟಪ ಹೊಯ್ಸಳರಲ್ಲೇ ಅಪರೂಪ. ಮೂಲೆಗಳನ್ನು ಎಣಿಸಲು ಹೋಗಿ ಇಬ್ಬರಿಗೂ ಬೇರೆ ಬೇರೆ ಉತ್ತರ ಬಂದು ಜಗಳವಾಯಿತು. ಹಾಸನ ರಸ್ತೆಯ ಹಾರನಹಳ್ಳಿಯಲ್ಲಿ ಚೆನ್ನಕೇಶವ, ಸೋಮೇಶ್ವರ ಎರಡು ಗುಡಿ, ಹದಿಮೂರನೇ ಶತಮಾನದವು. ಅಲ್ಲಿ ಕಾವಲಿನವರೊಬ್ಬರನ್ನು ಬಿಟ್ಟರೆ ನಾವೇ. ‘ಮಕ್ಕಳ ಸದ್ದು ಕೇಳಿ ಸುಮಾರು ದಿನ ಆಗಿತ್ತು’ ಎಂದರು ಅವರು.

ಹನ್ನೆರಡು ಕಿಲೋಮೀಟರ್ ಆಚೆಯ ಗಡಿ

ಹಳೇಬೀಡಿನಿಂದ ಬೆಳವಾಡಿ ಹನ್ನೆರಡು ಕಿಲೋಮೀಟರ್ ಆಸುಪಾಸು. ವೀರನಾರಾಯಣನ ತ್ರಿಕೂಟ ದೇವಾಲಯ ಅಲ್ಲಿದೆ. ಭೀಮ ಬಕಾಸುರನನ್ನು ಕೊಂದ ಏಕಚಕ್ರನಗರ ಇದೇ ಎಂದು ಊರಿನವರ ನಂಬಿಕೆ. ಬಂಡಿ ಅನ್ನದ ಕಥೆ ಕೇಳಿದ ಮೇಲೆ ಮಕ್ಕಳಿಗೆ ಅಲ್ಲಿಗೆ ಹೋಗಲೇಬೇಕು. ಆದರೆ ಬೆಳವಾಡಿ ಚಿಕ್ಕಮಗಳೂರು ಜಿಲ್ಲೆಗೆ ಸೇರಿದ್ದು. 2021ರ ಮೇ 10ರಿಂದ ರಾಜ್ಯದಲ್ಲಿ ಕಠಿಣ ಲಾಕ್‌ಡೌನ್. ಬೆಳಿಗ್ಗೆ 6ರಿಂದ 10ರವರೆಗೆ ದಿನಸಿ, ತರಕಾರಿ, ಅದೂ ಹತ್ತಿರದ ಅಂಗಡಿಗೆ. ಜಿಲ್ಲೆಯಿಂದ ಜಿಲ್ಲೆಗೆ ಓಡಾಟ ಬಂದ್. ಜೂನ್ 14ರಂದು ಉಳಿದ ಕಡೆ ಸಡಿಲಿಕೆ ಸಿಕ್ಕಾಗಲೂ ಸೋಂಕು ಇಳಿಯದ 11 ಜಿಲ್ಲೆಗಳಲ್ಲಿ ನಿರ್ಬಂಧ ಮುಂದುವರಿಯಿತು. ಹಾಸನ, ಚಿಕ್ಕಮಗಳೂರು ಎರಡೂ ಆ ಪಟ್ಟಿಯಲ್ಲಿದ್ದವು.

ನಕ್ಷೆಯಲ್ಲಿ ಮಾತ್ರ ಇದ್ದ ಗೆರೆ ನೆಲಕ್ಕಿಳಿದು ಬ್ಯಾರಿಕೇಡ್ ಆಗಿತ್ತು. ಹಳೇಬೀಡಿನ ರೈತನ ಬೀಗರು ಬೆಳವಾಡಿಯಲ್ಲಿ, ಬೆಳವಾಡಿಯವರ ಸಂತೆ ಜಾವಗಲ್ಲಿನಲ್ಲಿ. ಗಡಿಯ ಹಳ್ಳಿಗಳು ಬದುಕುವುದೇ ಹೀಗೆ. ‘ವೈರಸ್ಸಿಗೆ ಜಿಲ್ಲೆ ಗೊತ್ತಾಗುತ್ತಾ?’ ಎಂದು ಮಗಳು ಕೇಳಿದಳು. ಮಳೆ ಹಿಡಿದ ಮೇಲೆ ಬೆಳವಾಡಿಗೆ ಹೋದೆವು. ಸಾಲು ಸಾಲು ಮಿರುಗುವ ಕಂಬಗಳ ಆ ವಿಶಾಲ ಮಂಟಪದಲ್ಲಿ ಬಕಾಸುರನ ವಧೆ ಪೂರ್ತಿ ಅಭಿನಯದೊಂದಿಗೆ ನಡೆಯಿತು. ಭೀಮ ಆಗಲು ಇಬ್ಬರೂ ಪಟ್ಟು ಹಿಡಿದದ್ದರಿಂದ ಬಕಾಸುರನ ಪಾತ್ರ ನಮ್ಮಿಬ್ಬರ ಪಾಲಿಗೆ ಬಂತು.

ಕಾರಿಲ್ಲದ ಮಕ್ಕಳು

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಸತ್ಯ ಹೇಳಿದಂತೆ. ನಮಗೆ ಕಾರಿತ್ತು, ತಿಂಗಳ ಸಂಬಳ ಬರುತ್ತಿತ್ತು. ಇದೇ ರಸ್ತೆಯ ಪಕ್ಕದ ಹಳ್ಳಿಗಳ ಮಕ್ಕಳ ಕಥೆ ಬೇರೆ. 2020ರ ಮಾರ್ಚ್ ಮಧ್ಯದಲ್ಲಿ ಮುಚ್ಚಿದ ಪ್ರಾಥಮಿಕ ಶಾಲೆಗಳು ಒಂದರಿಂದ ಐದನೇ ತರಗತಿಗೆ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಹತ್ತೊಂಬತ್ತು ತಿಂಗಳು ದಾಟಿತ್ತು. ನಡುವೆ 2020ರ ಆಗಸ್ಟಿನಲ್ಲಿ ಶುರುವಾದ ವಿದ್ಯಾಗಮ ಯೋಜನೆಯಲ್ಲಿ ಮೇಷ್ಟರು, ಮೇಡಂಗಳು ಊರಿಗೇ ಬಂದು ಗುಡಿಯ ಜಗುಲಿ, ಅರಳೀಕಟ್ಟೆ, ಸಮುದಾಯ ಭವನಗಳಲ್ಲಿ ಪಾಠ ಮಾಡಿದರು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದೂ ನಿಂತಿತು. ಚಂದನ ವಾಹಿನಿಯ ಸಂವೇದ ಪಾಠಗಳು ಬಂದವು, ಆದರೆ ಟಿವಿ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. 2021ರ ಆರಂಭದಲ್ಲಿ ಗ್ರಾಮೀಣ ಕರ್ನಾಟಕದಲ್ಲಿ ನಡೆದ ಅಸರ್ ಸಮೀಕ್ಷೆಯಲ್ಲಿ, ಮೂರನೇ ತರಗತಿಯವರ ಪೈಕಿ ಎರಡನೇ ತರಗತಿಯ ಪಠ್ಯ ಓದಬಲ್ಲ ಮಕ್ಕಳ ಪಾಲು 2018ಕ್ಕೆ ಹೋಲಿಸಿದರೆ ಸುಮಾರು ಅರ್ಧಕ್ಕೆ ಇಳಿದಿತ್ತು.

ದನ ಮೇಯಿಸಲು, ಶುಂಠಿ ಕೀಳಲು ಹೋದ ಮಕ್ಕಳನ್ನು ನಾವು ಕಾರಿನ ಕಿಟಕಿಯಿಂದಲೇ ಕಂಡಿದ್ದೇವೆ. ಗುಡಿಗಳ ಮುಂದೆ ಗೈಡುಗಳು, ಫೋಟೊಗ್ರಾಫರುಗಳು, ಎಳನೀರಿನವರು, ಬಳಪದ ಕಲ್ಲಿನ ಪುಟ್ಟ ಆನೆ ಮಾರುವವರು ಬರಿಗೈಯಲ್ಲಿ ನಿಂತಿದ್ದರು. ನಮಗೆ ಸಿಕ್ಕ ನಿರ್ಜನ ಹಳೇಬೀಡು ಅವರ ಪಾಲಿಗೆ ವ್ಯಾಪಾರವಿಲ್ಲದ ಹಳೇಬೀಡು. ನಾಲ್ಕೇ ಜನರಿಗೆ ಇಡೀ ಗುಡಿ ತೋರಿಸಿದ ಗೈಡೊಬ್ಬರು ಮಕ್ಕಳಿಗೆಂದು ಚಕ್ರವ್ಯೂಹದ ಶಿಲ್ಪದ ಮುಂದೆ ಬಹಳ ಹೊತ್ತು ನಿಂತರು. ‘ಮುಂಚೆ ಆಗಿದ್ರೆ ಇಲ್ಲಿ ಎರಡು ನಿಮಿಷ ಸರ್. ಹಿಂದೆ ಇನ್ನೊಂದು ಪಾರ್ಟಿ ಕಾಯ್ತಿರೋದು’ ಎಂದರು. ಅಭಿಮನ್ಯು ಒಳಗೆ ಹೊಕ್ಕ ದಾರಿಯನ್ನು ಮಗಳು ಗಾಳಿಯಲ್ಲೇ ಬೆರಳಿನಿಂದ ಗುರುತಿಸಿದಳು. ಹೊರಬರುವ ದಾರಿ ಯಾವುದು ಎಂದು ಅವಳು ಕೇಳಿದಾಗ ಗೈಡು ನಕ್ಕು ಸುಮ್ಮನಾದರು. ಆ ವರ್ಷ ಆ ಪ್ರಶ್ನೆ ಎಲ್ಲರದ್ದೂ ಆಗಿತ್ತು.

ಅಪ್ಪ ದಾಸೋಜ, ಮಗ ಚಾವಣ

ಬೇಲೂರನ್ನು ನಾವು ಕೊನೆಗೆ ಇಟ್ಟುಕೊಂಡಿದ್ದೆವು. ಮೂರನೇ ಅಲೆ ಮಕ್ಕಳನ್ನೇ ಹಿಡಿಯುತ್ತದೆ ಎಂಬ ಮಾತು 2021ರ ಮಳೆಗಾಲವಿಡೀ ತೇಲಾಡುತ್ತಿತ್ತು. ಸರ್ಕಾರ ಡಾ. ದೇವಿ ಶೆಟ್ಟಿಯವರ ನೇತೃತ್ವದಲ್ಲಿ ಸಮಿತಿಯನ್ನೂ ಮಾಡಿತ್ತು. ಜನ ಸೇರುವ ಗುಡಿ ಎಂದು ನಾವು ಹಿಂಜರಿದಿದ್ದೆವು. ಶಾಲೆ ತೆರೆಯುವ ದಿನ ಗೊತ್ತಾದ ಮೇಲೆ, ಅದಕ್ಕೆ ಮೊದಲು ಒಮ್ಮೆ ಎಂದು ಹೊರಟೆವು.

1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವ ಗುಡಿಯಲ್ಲಿ ಎಲ್ಲರೂ ನೋಡುವುದು ಮದನಿಕೆಯರನ್ನು. ದರ್ಪಣ ಸುಂದರಿ, ಶುಕಭಾಷಿಣಿ, ಸೆರಗೆಳೆಯುವ ಕಪಿಯನ್ನು ಗದರುವವಳು. ಮಕ್ಕಳಿಗೆ ಆ ಕಪಿಯೇ ನಾಯಕ. ಆದರೆ ಮಗಳ ಮನಸ್ಸಿಗೆ ನಾಟಿದ್ದು ಪೀಠದ ಮೇಲಿನ ಬರಹ. ಹೊಯ್ಸಳ ಶಿಲ್ಪಿಗಳು ತಮ್ಮ ಕೆಲಸದ ಕೆಳಗೆ ಹೆಸರು ಕೊರೆದಿದ್ದಾರೆ. ಬಳ್ಳಿಗಾವೆಯಿಂದ ಬಂದ ದಾಸೋಜ, ಅವನ ಮಗ ಚಾವಣ ಇಬ್ಬರೂ ಇಲ್ಲಿ ಮದನಿಕೆಯರನ್ನು ಕಡೆದರು. ‘ಚಾವಣ ಅಪ್ಪನ ಪಕ್ಕ ಕೂತು ಕೆಲಸ ಕಲಿತನಾ?’ ಎಂದು ಕೇಳಿದಳು. ಹಾಗೇ ಇರಬೇಕು.

ಅವಳಿಗೆ ಈ ಪ್ರಶ್ನೆ ಬಂದದ್ದು ಸುಮ್ಮನೆ ಅಲ್ಲ. ಆ ಎರಡು ವರ್ಷ ಅವಳೂ ಅಪ್ಪ ಅಮ್ಮನ ಕೆಲಸವನ್ನು ಪಕ್ಕದಲ್ಲಿ ಕೂತು ಕಂಡಿದ್ದಳು. ಅದಕ್ಕೆ ಮೊದಲು ಆಫೀಸು ಎಂದರೆ ನಾವು ಬೆಳಿಗ್ಗೆ ಮಾಯವಾಗುವ ಜಾಗ. ಈಗ ನಾವು ಫೋನಿನಲ್ಲಿ ಬೈಸಿಕೊಳ್ಳುವುದು, ತಪ್ಪು ತಿದ್ದುವುದು, ಬೇಜಾರಾಗುವುದು ಎಲ್ಲ ಅವಳ ಕಣ್ಣೆದುರಿಗೇ ನಡೆಯಿತು. ರೈತರ, ಕುಂಬಾರರ, ಬಡಗಿಗಳ ಮಕ್ಕಳಿಗೆ ಇದು ಹೊಸದಲ್ಲ. ಪೇಟೆಯ ಮಕ್ಕಳಿಗೆ ಹೊಸದು. ಅಪ್ಪನ ಉಳಿಯ ಸದ್ದು ಕೇಳುತ್ತ ಬೆಳೆದ ಚಾವಣನನ್ನು ಅವಳು ತನ್ನ ಓರಗೆಯವನಂತೆ ಗುರುತಿಸಿದಳು. ಬೇಲೂರಿಗೆ ಎಷ್ಟೋ ಸಲ ಬಂದಿದ್ದ ನಮಗೆ ಆ ಗುಡಿಯನ್ನು ಒಂದು ಮನೆತನದ ಕೆಲಸವಾಗಿ ನೋಡಬಹುದೆಂದು ಹೊಳೆದೇ ಇರಲಿಲ್ಲ.

ಪಟ್ಟಿಯನ್ನು ಅವರ ಕೈಗೆ ಕೊಡಿ

ಈಗ ಹಗರೆ ಕವಲಿನಲ್ಲಿ ಮತ್ತೆ ಇಂಡಿಕೇಟರುಗಳ ಸಾಲು. 2022ರ ಜನವರಿ 31ರಂದು, ಕೊರೊನಾ ಇನ್ನೂ ಪೂರ್ತಿ ಹೋಗಿರದಾಗಲೇ, ಹೊಯ್ಸಳ ದೇವಾಲಯಗಳ ನಾಮನಿರ್ದೇಶನವನ್ನು ಭಾರತ ಯುನೆಸ್ಕೊಗೆ ಸಲ್ಲಿಸಿತು. 2023ರ ಸೆಪ್ಟೆಂಬರ್ 18ರಂದು ಬೇಲೂರು, ಹಳೇಬೀಡು, ಸೋಮನಾಥಪುರ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಗೈಡುಗಳಿಗೆ ಕೈತುಂಬ ಕೆಲಸ, ಎಳನೀರಿನವರಿಗೆ ವ್ಯಾಪಾರ, ಇದು ಆಗಬೇಕಾದದ್ದೇ. ಡಿಸೆಂಬರ್ ಬಂತೆಂದರೆ ಶಾಲಾ ಪ್ರವಾಸದ ಬಸ್ಸುಗಳು. ಒಂದು ದಿನ, ಐದಾರು ಸ್ಥಳ, ಶಿಳ್ಳೆ ಊದಿದರೆ ಓಡಿ ಬಂದು ಬಸ್ಸು ಹತ್ತಬೇಕು.

ಆ ಬಸ್ಸುಗಳನ್ನು ನಿಲ್ಲಿಸಿ ಹೇಳಬೇಕೆನಿಸುವುದು ಇಷ್ಟೇ. ಐದು ಗುಡಿಗಳ ಬದಲು ಒಂದನ್ನೇ ತೋರಿಸಿ, ಅದೂ ಹೆಸರಾಗದ ಒಂದನ್ನು. ದೊಡ್ಡಗದ್ದವಳ್ಳಿ, ಹಾರನಹಳ್ಳಿ, ಬೆಳವಾಡಿ, ಹುಲಿಕೆರೆ, ಎಲ್ಲಕ್ಕೂ ಇದೇ ರಸ್ತೆಗಳಿಂದ ದಾರಿಯಿದೆ. ಹಳ್ಳಿಯ ಶಾಲೆಗಳಿಗಂತೂ ಬಸ್ಸೂ ಬೇಡ. ವಿದ್ಯಾಗಮದ ದಿನಗಳಲ್ಲಿ ಗುಡಿಯ ಜಗುಲಿ ತರಗತಿಯಾಗಿದ್ದರೆ ಈಗಲೂ ತಿಂಗಳಿಗೊಮ್ಮೆ ಆಗಬಹುದು. ಕಾರಿನಲ್ಲಿ ಮೆರೆಯುವ ನಮ್ಮಂಥವರ ಮಕ್ಕಳಿಗೆ ಸಿಕ್ಕಿದ್ದು ಕಾರಿಲ್ಲದವರಿಗೂ ಸಿಗಲು ಅದು ಸುಲಭದ ದಾರಿ.

ಇನ್ನು ಅಪ್ಪ ಅಮ್ಮಂದಿರಿಗೆ: ಹೊರಡುವ ಹಿಂದಿನ ರಾತ್ರಿ ನೋಡಬೇಕಾದ ಜಾಗಗಳ ಪಟ್ಟಿಯನ್ನು ಮಕ್ಕಳ ಕೈಗೆ ಕೊಟ್ಟು, ಒಂದು ಪೆನ್ಸಿಲನ್ನೂ ಕೊಡಿ. ಅವರು ಅರ್ಧಕ್ಕಿಂತ ಹೆಚ್ಚನ್ನು ಹೊಡೆದುಹಾಕುತ್ತಾರೆ. ಬಾಡಿಗೆ ಗಾಡಿಯಾಗಿದ್ದರೆ ಡ್ರೈವರಿಗೆ ಖುಷಿ, ನಿಮ್ಮದೇ ಗಾಡಿಯಾಗಿದ್ದರೆ ಪೆಟ್ರೋಲೂ ಉಳಿಯುತ್ತದೆ.